ಹಸಿ ಜಾಲಿ

ನನ್ನ ಸ್ನಾತಕೋತ್ತರ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ಸುಳ್ಳು ವಾಕ್ಯವಿತ್ತು. ‘ಬಳಸಿದ ಜಾಲಿ ಮರವನ್ನು ಸಾಂಪ್ರದಾಯಿಕ ವಿಧಾನದಲ್ಲಿ ಹದಗೊಳಿಸಲಾಗಿದೆ’ ಎಂದು ಬರೆದಿದ್ದೆ. ಅದನ್ನು ಟೈಪ್ ಮಾಡುವಾಗ ಆ ಮರ ಸಾಯಗಾಂವದ ನಮ್ಮ ಹೊಲದ ಬದುವಿನ ಮೇಲೆ ಹಸಿರಾಗಿ ನಿಂತಿತ್ತು. ವಿಧಾನದ ಅಧ್ಯಾಯವನ್ನು ಮೊದಲು ಒಪ್ಪಿಸಬೇಕಿತ್ತು, ಒಪ್ಪಿಸಿದೆ. ಮರವನ್ನು ಆಮೇಲೆ ಕಡಿಸಿದೆ. ವಾಕ್ಯ ಹಾಗೇ ಉಳಿಯಿತು. ಆ ವರ್ಷ ನನಗೆ ಪದವಿ ಸಿಗಲಿಲ್ಲ. ಸಿಗದಿದ್ದದ್ದು ನ್ಯಾಯವೇ ಆಗಿತ್ತು. ಯಾಕೆಂದು ಬರೆಯಲು ಇಷ್ಟು ವರ್ಷ ಬೇಕಾಯಿತು.

ಮರಗೆಲಸದಲ್ಲಿ ಎಂಥ ಮಾಸ್ಟರ್ ಡಿಗ್ರಿ ಎಂದು ನಮ್ಮೂರಲ್ಲಿ ಕೇಳುತ್ತಿದ್ದರು. ಕೇಳುವುದು ಸಹಜ. ನಮ್ಮ ದೇಶದಲ್ಲಿ ಮರವನ್ನು ಓದುವ ದಾರಿಗಳು ಎರಡು. ಒಂದು ವಿಜ್ಞಾನದ್ದು: ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನದ ಎಂ.ಎಸ್ಸಿ. ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ, 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಪ್ರಯೋಗಾಲಯವಾಗಿ ಶುರುವಾಗಿ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಕೇಂದ್ರವಿದೆ. ಇನ್ನೊಂದು ವಿನ್ಯಾಸದ್ದು: 1961ರಲ್ಲಿ ಹುಟ್ಟಿದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅದರ ಹಾದಿ ಹಿಡಿದ ಹಲವು ಶಾಲೆಗಳು. ಮರದ ಒಳಗಿನ ಜೀವಕೋಶಗಳನ್ನು ನೋಡುವವರು ಕುರ್ಚಿ ಮಾಡುವುದಿಲ್ಲ, ಕುರ್ಚಿ ಬರೆಯುವವರು ಜೀವಕೋಶಗಳನ್ನು ನೋಡುವುದಿಲ್ಲ. ನಾನು ಸೇರಿದ್ದು ಎರಡನೆಯ ಜಾತಿಯ ಒಂದು ಶಾಲೆಗೆ, ಬೇರೆ ರಾಜ್ಯದಲ್ಲಿ. ಅಲ್ಲಿಯ ಗುರುಗಳ ಮೇಲೆ ನನ್ನ ದೂರೇನೂ ಇಲ್ಲ. ಅವರು ಕೇಳಬೇಕಾದ್ದನ್ನೆಲ್ಲ ಕೇಳಿದ್ದರು.

ಸಾಯಗಾಂವ ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ಹೋಬಳಿ ಊರು. ಮಾಂಜ್ರಾ ನದಿಯ ಕಡೆಯ ಎರೆ ಭೂಮಿ, ಆಚೆ ಹೋದರೆ ಮಹಾರಾಷ್ಟ್ರದ ಲಾತೂರ ಜಿಲ್ಲೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ಸಿನಲ್ಲಿ ದಖನಿ. ಸೋಯಾ, ತೊಗರಿ, ಉದ್ದು, ಹೆಸರು, ಹಿಂಗಾರಿಗೆ ಜೋಳ, ಕಡಲೆ. ನಮ್ಮ ಮನೆಯ ಎದುರು ಬಡಿಗರ ಮನೆ. ಅದರ ಮುಂದಿನ ಬೇವಿನ ಕೆಳಗೆ ಕುಂಟೆ, ಕೂರಿಗೆ, ನೇಗಿಲು, ಬಂಡಿಯ ಗಾಲಿ ಯಾವಾಗಲೂ ಬಿದ್ದಿರುತ್ತಿದ್ದವು. ರೈತರು ಸುಗ್ಗಿಗೆ ಆಯ ಕೊಡುತ್ತಿದ್ದ ಕಾಲದ ಕೊನೆಯ ತುದಿಯನ್ನು ನಾನು ಕಂಡಿದ್ದೇನೆ. ರಾಶಿಯಾದ ಮೇಲೆ ಬಡಿಗರ ಪಾಲಿನ ಜೋಳವನ್ನು ಕಣದಲ್ಲೇ ಅಳೆದು ಕೊಡುತ್ತಿದ್ದರು, ವರ್ಷವಿಡೀ ಸಲಕರಣೆ ರಿಪೇರಿಗೆ ಬೇರೆ ಕೂಲಿ ಇರಲಿಲ್ಲ. ಆ ಮನೆಯ ಹಿರಿಯರನ್ನು ನಾನು ಕಾಕಾ ಎನ್ನುತ್ತೇನೆ. ಅವರಿಗೆ ನಾನು ಈಗಲೂ ತಮ್ಮ.

ಪ್ರಬಂಧದ ವಿಷಯಕ್ಕೆ ನಾನು ಬೀಜ ಬಿತ್ತುವ ಕೂರಿಗೆಯನ್ನು ಹಿಡಿದೆ. ಆ ಆಯ್ಕೆಯಲ್ಲಿ ತಪ್ಪಿರಲಿಲ್ಲ, ಈಗಲೂ ಹಾಗೇ ಅನ್ನಿಸುತ್ತದೆ. ದಖ್ಖನ್ನಿನ ಬಡಿಗತನದ ಬುದ್ಧಿಯೆಲ್ಲ ಕೂರಿಗೆಯಲ್ಲಿದೆ. ದಿಂಡು ಒಂದೇ ಜಾಲಿ ತುಂಡು, ಮೂರೂವರೆ ನಾಲ್ಕು ಅಡಿ. ಅದರಲ್ಲಿ ಓರೆಯಾಗಿ ಕೊರೆದ ತೂತುಗಳು, ಒಂದೊಂದರಲ್ಲಿ ಒಂದೊಂದು ತಾಳು. ತಾಳಿನ ತುದಿಗೆ ಕಬ್ಬಿಣದ ಮೊನೆ, ಬೆನ್ನಿಗೆ ಬೀಜ ಇಳಿಯುವ ದಾರಿ. ಮೇಲಿನ ಬಟ್ಟಲಿನಿಂದ ಬಿದಿರಿನ ನಳಿಗೆಗಳು ಒಂದೊಂದು ತಾಳಿಗೆ ಇಳಿಯುತ್ತವೆ. ಬಟ್ಟಲನ್ನು ಒಂದೇ ಮರದ ತುಂಡಿನಲ್ಲಿ ಕೊರೆಯುತ್ತಾರೆ. ತಳದ ನಡುವೆ ಸಣ್ಣ ದಿಬ್ಬ, ಸುತ್ತ ಮೂರೋ ನಾಲ್ಕೋ ತೂತು. ಬಿತ್ತುವ ಹೆಂಗಸು ಮುಷ್ಟಿಯಿಂದ ಕಾಳು ಬಿಡುತ್ತ ನಡೆದರೆ ದಿಬ್ಬದ ಮೇಲೆ ಬಿದ್ದ ಕಾಳು ಸಮನಾಗಿ ಹಂಚಿಕೊಂಡು ಸಾಲುಗಳಿಗೆ ಇಳಿಯುತ್ತದೆ. ದಿಬ್ಬ ಒಂದು ಕಡೆ ತುಸು ವಾಲಿದರೂ ಒಂದು ಸಾಲು ದಟ್ಟ, ಇನ್ನೊಂದು ತೆಳು. ಬೆಳೆ ಎದ್ದ ಮೇಲೆ ಬಡಿಗನ ತಪ್ಪು ಇಡೀ ಊರಿಗೆ ಕಾಣುತ್ತದೆ. ಮುಚ್ಚಿಡಲು ಬರುವುದಿಲ್ಲ.

ಯುರೋಪಿನ ಪುಸ್ತಕಗಳಲ್ಲಿ ಬಿತ್ತುವ ಯಂತ್ರದ ಕಥೆ 1701ರಲ್ಲಿ ಇಂಗ್ಲೆಂಡಿನ ಜೆತ್ರೋ ಟುಲ್‌ನಿಂದ ಶುರುವಾಗುತ್ತದೆ. ಆದರೆ 1790ರ ದಶಕದಲ್ಲಿ ಹಾಲ್ಕಟ್ ಎಂಬ ಕ್ಯಾಪ್ಟನ್ ದಕ್ಷಿಣ ಭಾರತದ ರೈತರ ಕೂರಿಗೆಯನ್ನು ಕಂಡು ಬೆರಗಾಗಿ ಇಂಗ್ಲೆಂಡಿನ ಕೃಷಿ ಮಂಡಳಿಗೆ ಬರೆದ. ಆ ಬರಹವನ್ನು ಧರಂಪಾಲರು 1971ರಲ್ಲಿ ತಂದ, ಹದಿನೆಂಟನೆಯ ಶತಮಾನದ ಭಾರತದ ವಿಜ್ಞಾನ ತಂತ್ರಜ್ಞಾನದ ಕುರಿತ ಪುಸ್ತಕದಲ್ಲಿ ಸೇರಿಸಿದ್ದಾರೆ. ಅದನ್ನು ಓದಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ನಮ್ಮ ಬೇವಿನ ಕೆಳಗೆ ಬಿದ್ದಿರುವ ವಸ್ತು ಇದು! ನನ್ನ ಪೀಠಿಕೆಯ ಪುಟಗಳೆಲ್ಲ ಆ ಹೆಮ್ಮೆಯಲ್ಲೇ ತುಂಬಿದವು.

ಕೂರಿಗೆಯಲ್ಲಿ ಅಂಟಿಲ್ಲ, ತಿರುಪು ಮೊಳೆಯಿಲ್ಲ. ತಾಳು ದಿಂಡಿನಲ್ಲಿ ನಿಲ್ಲುವುದು ಬೆಣೆಯ ಬಲದಿಂದ, ಉಳಿದದ್ದು ಹಗ್ಗದ ಬಿಗಿತದಿಂದ. ವರ್ಷದಲ್ಲಿ ಕೆಲವು ದಿನ ಹಸಿ ಮಣ್ಣಿನಲ್ಲಿ ಉಳಿದು, ಮಿಕ್ಕ ತಿಂಗಳೆಲ್ಲ ಸೂರಿನ ಕೆಳಗೆ ಒಣಗಿ ನೇತಾಡುವ ವಸ್ತು ಅದು. ಬೇಸಿಗೆಯಲ್ಲಿ ಸಡಿಲಾಗುತ್ತದೆ. ಮಿರಗ, ಅಂದರೆ ಮೃಗಶಿರಾ ಮಳೆ, ಹೊಕ್ಕುವ ಮುಂಚೆ ನೀರು ಕುಡಿಸಿ ಬೆಣೆ ಬಡಿದರೆ ಮತ್ತೆ ಬಿಗಿ. ಬಂಡಿಯ ಗಾಲಿಯನ್ನು ಹಳ್ಳದಲ್ಲಿ ಅದ್ದಿಡುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ, ಕಾರಣ ಅದೇ. ಮರ ಅಲುಗಾಡುತ್ತದೆ ಎಂದು ಒಪ್ಪಿಕೊಂಡೇ ಆ ಜೋಡಣೆಯನ್ನು ಕಂಡುಹಿಡಿದಿದ್ದಾರೆ. ಇದನ್ನು ನಾನು ಪ್ರಬಂಧದಲ್ಲಿ ಚಿತ್ರಸಹಿತ ವಿವರಿಸಿದ್ದೆ. ವಿವರಿಸಿದ ಮೇಲೆ ಅದರ ತದ್ವಿರುದ್ಧ ಕೆಲಸ ಮಾಡಿದೆ.

ನನ್ನ ಯೋಜನೆ ಒಂದು ಬೆಂಚು. ಜಾಲಿಯ ಅಗಲ ಹಲಗೆ, ಎರಡಿಂಚು ದಪ್ಪ. ಕೂರಿಗೆಯ ತಾಳುಗಳಂತೆ ಓರೆಯಾಗಿ ಹಲಗೆಯೊಳಕ್ಕೆ ನೆಟ್ಟ ಕಾಲುಗಳು. ಕಾಲುಗಳಿಗೆ ನಮ್ಮ ಹಳೆಯ ಮನೆಯ ಸಾಗವಾನಿ ತೊಲೆ ಇತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾದ ಮೇಲೆ ಕಲ್ಲುಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮಲಗಲು ನಮ್ಮ ಕಡೆಯ ಜನ ಹೆದರಿದರು. ನಮ್ಮ ಮನೆಯನ್ನೂ ಕಾಲಕ್ರಮದಲ್ಲಿ ಬಿಚ್ಚಿದರು, ತೊಲೆ ಕಂಬಗಳು ದನದ ಕೊಟ್ಟಿಗೆಯಲ್ಲಿ ಉಳಿದವು. ಅಂದರೆ ಕಾಲಿನ ಮರ ಹತ್ತಾರು ವರ್ಷ ಒಣಗಿದ್ದು, ಹಲಗೆಯ ಮರ ಹಸಿ. ಎರಡನ್ನೂ ಒಂದಕ್ಕೊಂದು ಬಿಗಿದರೆ ಏನಾಗುತ್ತದೆ ಎಂದು ಬಡಿಗರ ಮನೆಯ ಸಣ್ಣ ಹುಡುಗನಿಗೂ ಗೊತ್ತಿರುತ್ತದೆ.

ಹಲಗೆಯ ಅಂಚನ್ನು ನೆಟ್ಟಗೆ ಕೊಯ್ಯಬಾರದು, ಮರ ಬೆಳೆದ ಹಾಗೆಯೇ ಬಿಡಬೇಕು ಎಂದು ನಾನು ಹಟ ಹಿಡಿದಿದ್ದೆ. ಅದಕ್ಕೆ ಕಾರಣ ಜಾರ್ಜ್ ನಕಾಶಿಮಾ. ಅಮೆರಿಕದಲ್ಲಿ ಹುಟ್ಟಿದ ಈ ಜಪಾನಿ ಮೂಲದವರು 1930ರಲ್ಲಿ ಎಂಐಟಿಯಲ್ಲಿ ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ ಪಡೆದರು. ಆ ದಶಕದ ಕೊನೆಯಲ್ಲಿ ಪುದುಚೇರಿಯ ಅರವಿಂದಾಶ್ರಮಕ್ಕೆ ಬಂದು ಗೋಲ್ಕೊಂಡೆ ಎಂಬ ವಸತಿಗೃಹ ಕಟ್ಟುವ ಕೆಲಸ ನೋಡಿಕೊಂಡರು. 1964ರಲ್ಲಿ ಅಹಮದಾಬಾದಿನ ವಿನ್ಯಾಸ ಸಂಸ್ಥೆಗೂ ಬಂದು ಪೀಠೋಪಕರಣ ರೂಪಿಸಿದರು. ಅಂಚು ಕೊಯ್ಯದ ಅವರ ಮೇಜುಗಳ ಫೋಟೊಗಳನ್ನು ನಾನು ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿದ್ದೆ. ಜಾಲಿಯ ಒಳಗಿನ ಕೆಚ್ಚು ಕೆಂಗಂದು, ಹೊರಗಿನ ಸುತ್ತು ಹಳದಿ ಬಿಳುಪು. ಎರಡೂ ಕೂಡುವ ಗೆರೆ ನೋಡಲು ನಿಜವಾಗಿಯೂ ಚಂದ. ಆ ಗೆರೆ ನನಗೆ ಬೇಕೇ ಬೇಕಿತ್ತು.

ಭಾಲ್ಕಿಯ ಸಾಮಿಲ್ಲಿನಿಂದ ಹಲಗೆ ಕೊಯ್ಯಿಸಿ ತಂದ ದಿನ ಕಾಕಾ ಅದರ ಮೇಲೆ ಅಂಗೈ ಇಟ್ಟರು. ಆಮೇಲೆ ಬಾಚಿಯ ಹಿಂಬದಿಯಿಂದ ಒಂದು ಏಟು ಹಾಕಿ ಸದ್ದು ಕೇಳಿದರು.

‘ತಮ್ಮಾ, ಇದು ಇನ್ನಾ ಹಸೀನೇ ಅದ. ಎರಡು ಮಿರಗ ದಾಟ್ಲಿ, ಆಮ್ಯಾಲ ಕೈ ಹಚ್ಚು.’

‘ಎರಡು ಮಿರಗ ಎಲ್ಲಿಂದ ತರ್ಲಿ ಕಾಕಾ, ಮಾರ್ಚದಾಗ ಪರೀಕ್ಷಾ ಅದ.’

‘ಪರೀಕ್ಷಾ ನಿಂದು, ಕಟಗಿದಲ್ಲ.’ ಅಷ್ಟು ಹೇಳಿ ಬಿಳಿ ಅಂಚಿನ ಮೇಲೆ ಉಗುರಿನಿಂದ ಗೀರಿದರು. ‘ಇದ್ನ ತೆಗೀ. ಇದ್ರಾಗ ಹುಳ ಬೀಳ್ತದ.’

ನಾನು ಇದನ್ನು ರೆಕಾರ್ಡ್ ಮಾಡಿಕೊಂಡೆ. ಇದೇ ನನ್ನನ್ನು ಇವತ್ತಿಗೂ ಚುಚ್ಚುವ ಸಂಗತಿ. ಕಾಕಾ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲವೆಂದಲ್ಲ. ಅದನ್ನು ಅಕ್ಷರಶಃ ಬರೆದುಕೊಂಡು, ‘ಸ್ಥಳೀಯ ಜ್ಞಾನ’ ಎಂಬ ಉಪಶೀರ್ಷಿಕೆಯ ಕೆಳಗೆ ಹಾಕಿದೆ. ನನಗೆ ಹೇಳಿದ ಮಾತು ಎಂದು ತಗೊಳ್ಳದೆ, ಪ್ರಬಂಧಕ್ಕೆ ಸಿಕ್ಕ ಸಾಮಗ್ರಿ ಎಂದು ತಗೊಂಡೆ. ಎದುರು ಮನೆಯ ಹಿರಿಯರು ಬುದ್ಧಿ ಹೇಳುತ್ತಿದ್ದರು. ನಾನು ಮಾಹಿತಿ ಸಂಗ್ರಹಿಸುತ್ತಿದ್ದೆ.

ಅವರು ಹೇಳಿದ್ದರ ಹಿಂದಿನ ಲೆಕ್ಕ ನನಗೆ ತರಗತಿಯಲ್ಲೂ ಸಿಕ್ಕಿತ್ತು. ಹಸಿ ಮರದ ಜೀವಕೋಶಗಳ ಒಳಗೂ ಗೋಡೆಯಲ್ಲೂ ನೀರಿರುತ್ತದೆ. ಒಳಗಿನದು ಮೊದಲು ಹೋಗುತ್ತದೆ, ಆಗ ಮರ ಹಗುರವಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಶೇಕಡಾ 28-30ಕ್ಕಿಂತ ಕೆಳಗಿಳಿದ ಮೇಲೆ ಗೋಡೆಯ ನೀರು ಹೋಗತೊಡಗುತ್ತದೆ, ಆಗಿನಿಂದ ಕುಗ್ಗುವಿಕೆ. ಅದೂ ಎಲ್ಲ ಕಡೆಗೂ ಒಂದೇ ಸಮ ಅಲ್ಲ. ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ, ಬೆಳವಣಿಗೆಯ ಉಂಗುರದ ಸುತ್ತಿಗೆ ಅದರ ಸುಮಾರು ಎರಡು ಪಟ್ಟು. ಅಲುಗದ ಮರವೆಂದು ಹೆಸರಾದ ಸಾಗವಾನಿಯೂ ಪೂರ್ತಿ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಒಂದು ದಿಕ್ಕಿಗೆ ಶೇಕಡಾ 2.5, ಇನ್ನೊಂದು ದಿಕ್ಕಿಗೆ ಶೇಕಡಾ 5.8ರಷ್ಟು ಕುಗ್ಗುತ್ತದೆ. ಗಾಳಿಗೆ ಒಣಗಿಸುವುದಾದರೆ ಒಂದಿಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಮರಗೆಲಸದವರ ಲೆಕ್ಕ. ಎರಡಿಂಚಿಗೆ ಎರಡು ವರ್ಷ, ಕಾಕಾ ಹೇಳಿದ ಎರಡು ಮಿರಗ. ಹುಳದ ಮಾತೂ ಅಷ್ಟೇ ಖರೆ. ಹೊರಗಿನ ಬಿಳಿ ಭಾಗದಲ್ಲಿ ಮರ ತನ್ನ ಪಿಷ್ಟವನ್ನು ಕೂಡಿಟ್ಟಿರುತ್ತದೆ. ಹಿಟ್ಟಿನಂಥ ಪುಡಿ ಉದುರಿಸುವ ಕೊರಕ ಹುಳಕ್ಕೆ ಬೇಕಾದ್ದು ಅದೇ. ಅದಕ್ಕೇ ಹಳಬರು ಜಾಲಿಯ ದಿಮ್ಮಿಯನ್ನು ಬಾವಿಯಲ್ಲೋ ಹಳ್ಳದ ಮಡುವಿನಲ್ಲೋ ತಿಂಗಳುಗಟ್ಟಲೆ ಮುಳುಗಿಸಿಟ್ಟು ಆಮೇಲೆ ನೆರಳಲ್ಲಿ ಒಣಗಿಸುತ್ತಿದ್ದರು.

ನಾನು ಮುಳುಗಿಸಲಿಲ್ಲ, ಕಾಯಲಿಲ್ಲ. ಕಾಲುಗಳನ್ನು ಎಪಾಕ್ಸಿ ಅಂಟಿನಿಂದ ಕೂರಿಸಿದೆ. ಹಲಗೆ ಬಾಗದಿರಲೆಂದು ಅಡಿಯಲ್ಲಿ ಅಡ್ಡಪಟ್ಟಿ ಕೊಟ್ಟು ತಿರುಪು ಮೊಳೆ ಬಿಗಿದೆ. ಮೇಲ್ಭಾಗಕ್ಕಷ್ಟೇ ಹೊಳೆಯುವ ಪಾಲಿಶ್ ಹೊಡೆಸಿದೆ, ಅಡಿಭಾಗ ಯಾರಿಗೆ ಕಾಣುತ್ತದೆ ಎಂದು ಬಿಟ್ಟೆ. ಹೀಗೆ ನೀರಿಗೆ ಹೊರಹೋಗಲು ಒಂದೇ ಮೈ ಉಳಿಯಿತು. ಕುಗ್ಗಲು ಹೊರಟ ಹಲಗೆಯನ್ನು ಅಡ್ಡಪಟ್ಟಿ ಬಿಡಲಿಲ್ಲ, ಅಂಟು ಬಿಡಲಿಲ್ಲ. ಜನವರಿಯಲ್ಲಿ ಮಾಡಿ ಮುಗಿಸಿದ ಬೆಂಚು ಹವಾನಿಯಂತ್ರಿತ ಪ್ರದರ್ಶನ ಕೊಠಡಿಗೆ ಹೋದ ಮೇಲೆ ಒಂದು ಕಾಲಿನ ತೂತಿನಿಂದ ಇನ್ನೊಂದರ ತನಕ ಸೀಳಿತು. ಮೊದಲು ಅದನ್ನು ಕಂಡವನು ನಾನೇ. ಪರೀಕ್ಷೆಯ ಹಿಂದಿನ ರಾತ್ರಿ ಮರದ ಪುಡಿಯನ್ನು ಫೆವಿಕಾಲಿನಲ್ಲಿ ಕಲಸಿ ಬಿರುಕಿಗೆ ತುಂಬಿ, ಉಜ್ಜಿ, ಬಣ್ಣ ಹೊಂದಿಸಿದೆ. ಬೆಳಿಗ್ಗೆ ನೋಡಿದರೆ ತುಂಬಿದ ಗೆರೆಯ ಪಕ್ಕದಲ್ಲೇ ಇನ್ನೊಂದು ಬಾಯಿ ಬಿಟ್ಟಿತ್ತು.

ಹೊರಗಿನಿಂದ ಬಂದ ಪರೀಕ್ಷಕರಲ್ಲಿ ಒಬ್ಬರು ಬೆಂಚಿನ ಪಕ್ಕ ನೆಲಕ್ಕೆ ಕೂತರು. ಬಿಳಿ ಅಂಚಿನ ಕೆಳಗೆ ನೆಲದ ಮೇಲೆ ಮೈದಾದಂಥ ಪುಡಿಯ ಸಣ್ಣ ಗುಡ್ಡೆ ಇತ್ತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ನನಗೆ ತೋರಿಸಿದರು. ಬಿರುಕಿನ ಬಗ್ಗೆ ಏನೂ ಕೇಳಲಿಲ್ಲ. ‘ಮರ ಕಡಿದದ್ದು ಯಾವ ತಿಂಗಳು?’ ಎಂದರು. ನಾನು ಹೇಳಿದೆ. ‘ತೇವಾಂಶ ಎಷ್ಟಿತ್ತು?’ ಎಂದರು. ತೇವ ಅಳೆಯುವ ಎರಡು ಮುಳ್ಳಿನ ಮೀಟರು ನಮ್ಮ ಕಾರ್ಯಾಗಾರದ ಕಪಾಟಿನಲ್ಲೇ ಇತ್ತು, ನಾನು ಅದನ್ನು ಮುಟ್ಟಿರಲಿಲ್ಲ. ಮುಟ್ಟಿದರೆ ಬರುವ ಅಂಕಿ ಏನೆಂದು ಒಳಗೊಳಗೆ ಗೊತ್ತಿದ್ದರಿಂದಲೇ ಮುಟ್ಟಿರಲಿಲ್ಲ. ಅವರು ಪ್ರಬಂಧದ ಮೂರನೆಯ ಅಧ್ಯಾಯ ತೆರೆದು ಆ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. ಮತ್ತೇನೂ ನಡೆಯಲಿಲ್ಲ. ಸಂಜೆ ಫಲಿತಾಂಶದ ಹಾಳೆಯಲ್ಲಿ ನನ್ನ ಹೆಸರಿನ ಎದುರು ‘ಮರು ಸಲ್ಲಿಕೆ’ ಎಂದಿತ್ತು.

ನಾಚಿಕೆಯನ್ನು ವರ್ಣಿಸುವ ಅಗತ್ಯವಿಲ್ಲ. ಊರಿಗೆ ಬಂದೆ. ಭಾಲ್ಕಿಯಿಂದ ಟೆಂಪೋದಲ್ಲಿ ಬೆಂಚನ್ನೂ ತಂದೆ. ಕಾಕಾ ಅದನ್ನು ಮಗುಚಿ ಹಾಕಿ ಅಡ್ಡಪಟ್ಟಿಯ ತಿರುಪುಗಳನ್ನು ಬಿಚ್ಚಿದರು. ಕೊನೆಯ ತಿರುಪು ಸಡಿಲಾದಾಗ ಹಲಗೆ ಸಿಡಿದ ಸದ್ದಾಯಿತು, ಬಿರುಕು ಅರ್ಧದಷ್ಟು ಮುಚ್ಚಿಕೊಂಡಿತು. ‘ಕಟ್ಟಿ ಹಾಕಿದ್ದಿ ಅದ್ಕ’ ಎಂದರು. ಇದಕ್ಕಿಂತ ದೊಡ್ಡ ಬೈಗುಳ ಅವರಿಂದ ನನಗೆ ಬರಲಿಲ್ಲ.

ಆ ಬೇಸಿಗೆಯಿಂದ ಅವರ ಬೇವಿನ ಕೆಳಗೆ ಕೂತೆ. ಈ ಸಲ ರೆಕಾರ್ಡರ್ ಇರಲಿಲ್ಲ. ಮೊದಲು ಕೊಟ್ಟ ಕೆಲಸ ಸಾಣೆ ಹಿಡಿಯುವುದು. ಉಳಿಯ ಅಲಗು ಮುಂಗೈ ಕೂದಲು ಬೋಳಿಸುವ ತನಕ ಮರ ಮುಟ್ಟಲು ಬಿಡಲಿಲ್ಲ. ಆಮೇಲೆ ಬಾಚಿ. ಬಾಚಿಯ ಕೆಲಸ ನೋಡದವರಿಗೆ ಹೇಳಬೇಕು: ದಿಂಡನ್ನು ನೆಲಕ್ಕೆ ಹಾಕಿ ಎಡಗಾಲಿನಿಂದ ಒತ್ತಿ ಹಿಡಿಯುತ್ತಾರೆ. ಬಾಚಿಯ ಅಲಗು ಹಿಡಿಕೆಗೆ ಅಡ್ಡ ಇರುತ್ತದೆ, ಅಂದರೆ ಪ್ರತಿ ಏಟೂ ತನ್ನದೇ ಪಾದದ ಕಡೆಗೆ ಬರುತ್ತದೆ. ಕಾಕಾರ ಏಟಿಗೆ ಚಕ್ಕೆ ಒಂದೇ ದಪ್ಪಕ್ಕೆ ಏಳುತ್ತದೆ, ಅಲಗು ಕಾಲ ಹೆಬ್ಬೆರಳಿಗೆ ಇನ್ನೆರಡು ಬೆರಳು ದೂರ ಇರುವಾಗ ನಿಲ್ಲುತ್ತದೆ. ಮರದ ಎಳೆ ತಿರುಗಿದ ಕಡೆ ಅವರು ಏಟಿಗೆ ಮುಂಚೆಯೇ ತಾವು ತಿರುಗಿ ನಿಂತಿರುತ್ತಾರೆ. ಆ ತಿರುವು ಅವರಿಗೆ ಎಲ್ಲಿ ಕಂಡಿತು ಎಂದು ನನಗೆ ಬಹಳ ದಿನ ತಿಳಿಯಲಿಲ್ಲ. ಹಿಂದಿನ ಏಟಿನಲ್ಲಿ ಎದ್ದ ಚಕ್ಕೆ ಸುರುಳಿಯಾದ ದಿಕ್ಕನ್ನು ಅವರು ನೋಡಿರುತ್ತಾರೆ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೀಠೋಪಕರಣ ವಿನ್ಯಾಸದ ಪ್ರಾಧ್ಯಾಪಕರಾಗಿದ್ದ ಡೇವಿಡ್ ಪೈ 1968ರ ತಮ್ಮ ಪುಸ್ತಕದಲ್ಲಿ ಕೈಕೆಲಸವನ್ನು ಎರಡಾಗಿ ನೋಡುತ್ತಾರೆ. ಒಂದರಲ್ಲಿ ಫಲಿತಾಂಶ ಮೊದಲೇ ಯಂತ್ರದಲ್ಲೋ ಅಚ್ಚಿನಲ್ಲೋ ನಿಶ್ಚಯವಾಗಿರುತ್ತದೆ. ಇನ್ನೊಂದರಲ್ಲಿ ಕೆಲಸ ಮುಗಿಯುವ ತನಕ ಪ್ರತಿ ಕ್ಷಣವೂ ಕೆಡುವ ಸಾಧ್ಯತೆ ಇರುತ್ತದೆ, ಉಳಿಸುವುದು ಕೈಯ ಎಚ್ಚರ ಮಾತ್ರ. ಇದನ್ನು ನಾನು ಮೊದಲ ಪ್ರಬಂಧದಲ್ಲೂ ಉಲ್ಲೇಖಿಸಿದ್ದೆ. ಆದರೆ ಪೈ ಹೇಳುವ ಅಪಾಯ ಏಟಿನಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ. ಕಾಯುವುದರಲ್ಲೂ ಅಪಾಯವಿದೆ. ದಿಮ್ಮಿಯನ್ನು ನೀರಿನಲ್ಲಿಟ್ಟ ಮೇಲೆ ಅದು ಸೆಟೆಯಬಹುದು, ಸೀಳಬಹುದು, ಎರಡು ವರ್ಷ ಕಾದ ಹಲಗೆ ಕೆಲಸಕ್ಕೆ ಬಾರದೇ ಹೋಗಬಹುದು. ಆ ಎರಡು ವರ್ಷವನ್ನು ಪಣಕ್ಕಿಡುವ ಧೈರ್ಯವೂ ಕಸುಬಿನ ಭಾಗ. ನನ್ನಲ್ಲಿ ಇರದೇ ಇದ್ದದ್ದು ಆ ಧೈರ್ಯ, ಕೈಚಳಕವಲ್ಲ.

ನಕಾಶಿಮಾರನ್ನು ಮತ್ತೆ ಓದಿದೆ. ಮೊದಲ ಸಲ ಫೋಟೊ ನೋಡಿದ್ದೆ, ಈ ಸಲ ಅಕ್ಷರ ಓದಿದೆ. 1942ರಲ್ಲಿ ಅಮೆರಿಕ ಸರಕಾರ ಜಪಾನಿ ಮೂಲದವರನ್ನು ಶಿಬಿರಗಳಿಗೆ ದೂಡಿದಾಗ ಅವರನ್ನೂ ಐಡಾಹೊ ರಾಜ್ಯದ ಮಿನಿಡೋಕಾ ಶಿಬಿರಕ್ಕೆ ಕಳಿಸಿದರು. ಅಲ್ಲಿ ಗೆಂಟಾರೊ ಹಿಕೊಗಾವಾ ಎಂಬ, ಜಪಾನಿ ಪದ್ಧತಿಯಲ್ಲಿ ಪಳಗಿದ ಬಡಗಿಯ ಜತೆ ಕೆಲಸ ಮಾಡುತ್ತ ಮರಗೆಲಸವನ್ನು ಹೊಸದಾಗಿ ಕಲಿತರು. ಎಂಐಟಿಯ ಪದವಿ ಪಡೆದು, ದೇಶದೇಶಗಳಲ್ಲಿ ಕಟ್ಟಡ ಕಟ್ಟಿಸಿದ ಮೇಲೆ, ತಂತಿಬೇಲಿಯ ಒಳಗೆ, ಇನ್ನೊಬ್ಬರ ಕೈ ಕೆಳಗೆ. ಅವರ ಮೇಜಿನ ಬಿರುಕುಗಳ ಮೇಲೆ ಕಾಣುವ ಚಿಟ್ಟೆಯಾಕಾರದ ಬೆಣೆ ಅಲಂಕಾರಕ್ಕೆ ಹಾಕಿದ್ದಲ್ಲ. ಬಿರುಕು ಇದೆ ಎಂದು ಎಲ್ಲರ ಎದುರಿಗೆ ಒಪ್ಪಿಕೊಂಡು, ಮುಂದೆ ಹರಿಯದಂತೆ ಅದನ್ನು ಹಿಡಿಯುವ ಕೆಲಸ. ನಾನು ಫೆವಿಕಾಲ್ ತುಂಬಿದ ರಾತ್ರಿ ಆ ಫೋಟೊ ನನ್ನ ಹಾಸ್ಟೆಲ್ ಗೋಡೆಯ ಮೇಲೇ ಇತ್ತು.

ಬೀದರ ಕೋಟೆಯ ರಂಗೀನ್ ಮಹಲಿಗೂ ಹೋಗಿ ಬಂದೆ. ಅಲಿ ಬರೀದ್ ಶಾಹನ ಕಾಲದ್ದು, ಅವನು ಆಳಿದ್ದು 1542ರಿಂದ 1580. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿಗೆ ಹೆಸರಾದ ಮಹಲು, ಆದರೆ ಮುಂದಿನ ಪಡಸಾಲೆಯ ಮರದ ಕಂಬಗಳನ್ನು ನೋಡಲಿಕ್ಕಾದರೂ ಬಡಿಗರು ಒಮ್ಮೆ ಹೋಗಬೇಕು. ವಿದ್ಯಾರ್ಥಿಯಾಗಿದ್ದಾಗ ನಾನು ಅಲ್ಲಿ ಕೂತು ಬೋದಿಗೆಯ ಕೆತ್ತನೆಯನ್ನು ಹಾಳೆ ತುಂಬ ಬರೆದಿದ್ದೆ. ಈ ಸಲ ಕೆತ್ತನೆ ಬಿಟ್ಟು ಕಂಬ ತೊಲೆಗೆ ಸೇರುವ ಕಡೆಯನ್ನು ನೋಡುತ್ತ ನಿಂತೆ. ನಾನೂರೈವತ್ತು ವರ್ಷಗಳ ಬೇಸಿಗೆ ಮಳೆಗಾಲಗಳು ಅಲ್ಲಿ ಹಾದು ಹೋಗಿವೆ. ಅದನ್ನು ಜೋಡಿಸಿದವರು ಮರಕ್ಕೆ ಎಲ್ಲಿ ಜಾಗ ಬಿಡಬೇಕೆಂದು ತಿಳಿದವರು. ಕಿಲ್ಲಾರಿ ಕಡೆಯ ಹಳ್ಳಿಗಳಲ್ಲಿಯೂ ದಪ್ಪ ಕಲ್ಲಿನ ಗೋಡೆಗಳು ಕುಸಿದ ಜಾಗದಲ್ಲಿ ಒಳಗಿನ ಕಂಬ ತೊಲೆಗಳ ಅಂಕಣ ನಿಂತೇ ಇದ್ದ ಮನೆಗಳನ್ನು ಭೂಕಂಪದ ಬಳಿಕ ಎಂಜಿನಿಯರರು ಗಮನಿಸಿದರು. ಅಲುಗಾಡಲು ಸಂದು ಇದ್ದ ಜೋಡಣೆ ಅಲುಗಾಡಿತು, ಬೀಳಲಿಲ್ಲ.

ನಮ್ಮೂರಿನಿಂದ ಸ್ವಲ್ಪ ದೂರದ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರ ನಡುವೆ ಬಾಚಿಕಾಯಕದ ಬಸವಯ್ಯ ಎಂಬ ಬಡಗಿ ಇದ್ದರು, ವಚನ ಬರೆದವರು. ಅವರ ಪತ್ನಿ ಕಾಳವ್ವೆಯೂ ವಚನಕಾರ್ತಿ. ಎಂಟುನೂರು ವರ್ಷಗಳ ಹಿಂದೆಯೇ ಬಾಚಿ ಹಿಡಿದ ಕೈ ತತ್ವದ ಮಾತನ್ನೂ ಬರೆದ ನಾಡು ಇದು. ಇಂಥ ನಾಡಿನಲ್ಲಿ ಮರಗೆಲಸದ ಉನ್ನತ ವ್ಯಾಸಂಗ ಎಂದರೆ ನಗು ಬರುವುದು, ಕಾಕಾರಂಥವರು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಮಾತ್ರ ಕಾಣಿಸುವುದು ನನಗೆ ದುಃಖದ ವಿಷಯ. ಎರಡನೆಯ ಸಲ ಸಲ್ಲಿಸುವಾಗ ಬಾಹ್ಯ ಮಾರ್ಗದರ್ಶಕರ ಜಾಗದಲ್ಲಿ ಕಾಕಾರ ಹೆಸರು ಬರೆದೆ. ವಿದ್ಯಾರ್ಹತೆಯ ಕಾಲಂ ಖಾಲಿ ಇದೆ ಎಂದು ಅರ್ಜಿ ವಾಪಸ್ ಬಂತು. ನಾಲ್ಕನೆಯ ಇಯತ್ತೆ ಎಂದು ತುಂಬಿ ಕಳಿಸಿದೆ, ಮತ್ತೆ ವಾಪಸ್. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿಯದೂ ಇದೆ: ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಒಳ್ಳೆಯದೇ. ಆದರೆ ಅಲ್ಲಿಯೂ ಬಡಗಿ ತರಬೇತಿ ಪಡೆಯುವವನು. ಕಲಿಸುವವನ ಕುರ್ಚಿ ಅವನಿಗೆ ಸಿಗುವುದು ಅಪರೂಪ.

ಮರು ಸಲ್ಲಿಕೆಗೆ ನನಗೆ ಕೊಟ್ಟದ್ದು ಆರು ತಿಂಗಳ ಗಡುವು. ನಾನು ಎರಡು ವರ್ಷ ಕೇಳಿದೆ. ಹಾಗೆ ಕೇಳಿದವರು ಯಾರೂ ಇರಲಿಲ್ಲವಂತೆ. ಕಾರಣ ಬರೆಯುವ ಜಾಗದಲ್ಲಿ ಮರ ಒಣಗಬೇಕು ಎಂದಷ್ಟೇ ಬರೆದೆ. ನನ್ನ ಗುರುಗಳು ನನ್ನ ಪರ ನಿಂತರು, ಗಡುವು ಸಿಕ್ಕಿತು. ಮರ ಕೊಯ್ಯುವವರಿಗೆ ಕಲಿಸುವ ಯಾವ ಕೋರ್ಸೇ ಆಗಲಿ, ಮೊದಲ ದಿನ ವಿದ್ಯಾರ್ಥಿಯ ಕೈಗೆ ಹಸಿ ದಿಮ್ಮಿ ಕೊಡಬೇಕು, ಕೊನೆಯ ಸೆಮಿಸ್ಟರಿನಲ್ಲಿ ಅದೇ ದಿಮ್ಮಿಯಿಂದ ಕೆಲಸ ಮಾಡಿಸಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಅಂಗಡಿಯಿಂದ ತಂದ ಒಣ ಹಲಗೆಯಿಂದ ಶುರು ಮಾಡುವವನು ಕಸುಬಿನ ಅರ್ಧಭಾಗವನ್ನು ನೋಡಿಯೇ ಇರುವುದಿಲ್ಲ.

ಆ ಎರಡು ವರ್ಷ ನಾನು ಮಾಡಿದ ಅಳತೆಯ ಕೆಲಸ ಸರಳವಾದದ್ದು. ಒಂದಡಿ ಅಗಲದ ಜಾಲಿ ಹಲಗೆಯನ್ನು ಕಾಕಾರ ಪಡಸಾಲೆಯಲ್ಲಿಟ್ಟು, ಅದು ಒಣಗಿ ಊರಿನ ಹವೆಗೆ ಹೊಂದಿಕೊಂಡ ಮೇಲೆ, ಪ್ರತಿ ಅಮಾವಾಸ್ಯೆಗೆ ಅಗಲ ಅಳೆದು ಬರೆದೆ. ಮೇ ತಿಂಗಳ ಬೆಂಕಿಬಿಸಿಲಿಗೂ ಆಗಸ್ಟಿನ ಜಡಿಮಳೆಗೂ ನಡುವೆ ಹಲಗೆ ಮೂರು ಮಿಲಿಮೀಟರಿನಷ್ಟು ಹಿಗ್ಗಿತು, ದೀಪಾವಳಿ ದಾಟಿದ ಮೇಲೆ ಮತ್ತೆ ಹಿಂದಕ್ಕೆ. ಆ ಮೂರು ಮಿಲಿಮೀಟರು ಕಾಕಾರ ಕೆಲಸದಲ್ಲಿ ಎಲ್ಲೆಲ್ಲೂ ಇದೆ. ಬಾಗಿಲಿನ ಚೌಕಟ್ಟಿನೊಳಗೆ ಹಲಗೆ ಕೂರಿಸುವಾಗ ಬಿಡುವ ಸಂದು ಅಷ್ಟೇ. ಯಾಕೆ ಅಷ್ಟು ಎಂದು ಮುಂಚೆ ಕೇಳಿದಾಗ ‘ಅಷ್ಟು ಬೇಕಾಗ್ತದ’ ಎಂದಿದ್ದರು. ನನ್ನ ಎರಡನೆಯ ಪ್ರಬಂಧದ ಮುಖ್ಯ ಕೋಷ್ಟಕ ಆ ಮಾತಿನ ಪುರಾವೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಸೀಳಿದ ಬೆಂಚನ್ನೂ ಜತೆಗೆ ಪ್ರದರ್ಶನಕ್ಕಿಟ್ಟೆ, ಕಡಿದ ತಿಂಗಳು, ಕೊಯ್ದ ತಿಂಗಳು, ಜೋಡಿಸಿದ ತಿಂಗಳು ಬರೆದು. ಮೂರನೆಯ ಅಧ್ಯಾಯದ ಹಳೆಯ ವಾಕ್ಯವನ್ನು ಹಾಗೇ ಉಲ್ಲೇಖಿಸಿ, ಅದು ಸುಳ್ಳಾಗಿತ್ತು ಎಂದು ಕೆಳಗೆ ಬರೆದೆ. ಪದವಿ ಸಿಕ್ಕಿತು.

ಈಗ ಕಾಕಾರ ಬಳಿ ಕೂರಿಗೆ ಮಾಡಿಸುವವರು ಅಪರೂಪ. ಭಾಲ್ಕಿ, ಉದಗೀರಗಳಲ್ಲಿ ಟ್ರ್ಯಾಕ್ಟರಿಗೆ ಹಚ್ಚುವ ಕಬ್ಬಿಣದ ಕೂರಿಗೆ ಸಿಗುತ್ತದೆ, ಮಳೆಗೂ ಬಿಸಿಲಿಗೂ ಅದು ಹಿಗ್ಗುವುದಿಲ್ಲ ಕುಗ್ಗುವುದಿಲ್ಲ. ಅವರಿಗೆ ಹೆಚ್ಚಿನ ಕೆಲಸ ಬಾಗಿಲು ಚೌಕಟ್ಟು, ಮಂಚ, ರಿಪೇರಿ. ನಾನು ಬೀದರಿನಲ್ಲಿ ಸಣ್ಣ ಕಾರ್ಖಾನೆ ಇಟ್ಟಿದ್ದೇನೆ, ಕುರ್ಚಿ ಬೆಂಚು ಮಾಡುತ್ತೇನೆ, ಬಿಡುವಾದಾಗ ಸಾಯಗಾಂವಕ್ಕೆ ಹೋಗುತ್ತೇನೆ. ದಿಂಡಿನ ಓರೆ ತೂತು ಹೊಡೆಯುವುದು ಕೈಗೆ ಬಂದಿದೆ. ಬಟ್ಟಲು ಬಂದಿಲ್ಲ. ಹೋದ ಹಿಂಗಾರಿಗೆ ನಾನು ಕೊರೆದ ಬಟ್ಟಲಿನಲ್ಲಿ ಅವ್ವ ಕಡಲೆ ಬಿತ್ತಿದಳು. ಮೂರನೆಯ ಸಾಲು ಹೊಲದ ಈ ತುದಿಯಿಂದ ಆ ತುದಿಯ ತನಕ ತೆಳುವಾಗಿ ಎದ್ದಿತು. ಕಾಕಾ ಬದುವಿನ ಮೇಲೆ ನಿಂತು ನೋಡಿ, ದಿಬ್ಬ ಯಾವ ಕಡೆ ವಾಲಿದೆ ಎಂದು ಬಟ್ಟಲು ಮುಟ್ಟದೆಯೇ ಹೇಳಿದರು. ಹೊಸ ಬಟ್ಟಲಿಗೆ ಜಾಲಿಯ ತುಂಡು ಬಾವಿಯಲ್ಲಿದೆ. ಬಿಳಿ ಭಾಗವನ್ನು ಮೊದಲೇ ಬಾಚಿಯಿಂದ ತೆಗೆದಿದ್ದೇನೆ.